ವಿದೇಶಕ್ಕೆ ಹೊರಡುವ ಮುನ್ನ ಊರಿನಲ್ಲೇ ಮುಗಿಸಬೇಕಾದ ಕೆಲಸಗಳು

ಕಾರಟಗಿಯ ಎಂಜಿನಿಯರ್:

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಏಳು ವರ್ಷಗಳಿಂದ ನರ್ಸ್ ಆಗಿದ್ದಾರೆ. ಅವರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದ್ದು, ಭಾಷೆಯ ಬಿ2 ಪರೀಕ್ಷೆಯೂ ಮುಗಿದಿದೆ. ಮೊದಲು ಅವರೊಬ್ಬರೇ ಹೋಗಿ ನೆಲೆ ನಿಂತ ಮೇಲೆ, ಸುಮಾರು ಆರು ತಿಂಗಳ ನಂತರ ನಾನು ಮತ್ತು ಐದು ವರ್ಷದ ಮಗಳು ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಊರಿನಲ್ಲಿ ತಂದೆಯವರು ನೋಡಿಕೊಳ್ಳುತ್ತಿರುವ ನಾಲ್ಕು ಎಕರೆ ಭತ್ತದ ಗದ್ದೆ ಇದೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ಗಂಗಾವತಿಯಲ್ಲಿ ನನ್ನ ಹೆಸರಿಗೆ ಒಂದು ನಿವೇಶನವಿದೆ.

ಸೂಟ್‌ಕೇಸಿನಲ್ಲಿ ಏನು ತುಂಬಬೇಕು ಎಂದು ಹೇಳುವ ವಿಡಿಯೋಗಳನ್ನು ಸಾಕಷ್ಟು ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗಾಗಿ ಮಾಡಿದಂತಿವೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಿಂದ ಹೊರದೇಶಕ್ಕೆ ಹೋಗಿರುವವರು, "ಇದನ್ನು ಊರಿನಲ್ಲಿದ್ದಾಗಲೇ ಮಾಡಿಕೊಂಡು ಬರಬೇಕಾಗಿತ್ತು" ಎಂದು ಅಲ್ಲಿಗೆ ಹೋದ ಮೇಲೆ ಯಾವ ವಿಷಯಕ್ಕೆ ಪೇಚಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಕುಷ್ಟಗಿಯವ, ಈಗ ಸ್ಟುಟ್‌ಗಾರ್ಟ್:

ನಾನು ಬಂದು ಒಂಬತ್ತು ವರ್ಷವಾಯಿತು. ನನ್ನ ಪೇಚಾಟವೆಲ್ಲ ಹೆಸರು ಮತ್ತು ಹುಟ್ಟಿದ ದಿನಾಂಕ ಎಂಬ ಎರಡೇ ವಿಷಯಗಳದ್ದು. ಬಟ್ಟೆ, ಪಾತ್ರೆ, ಹಣ ಇವೆಲ್ಲವನ್ನೂ ಬಂದ ಮೇಲೆ ಹೊಂದಿಸಿಕೊಳ್ಳಬಹುದು. ಆದರೆ ಕಾಗದದಿಂದ ಕಾಗದಕ್ಕೆ ಬದಲಾಗುವ ಹೆಸರನ್ನು ಏಳು ಸಾವಿರ ಕಿಲೋಮೀಟರ್ ದೂರದಲ್ಲಿ ಕುಳಿತು ಸರಿಪಡಿಸುವುದಾಗಲಿಲ್ಲ, ರಜೆ ಹಾಕಿ ಎರಡು ಸಲ ಊರಿಗೆ ಬಂದು ಹೋದೆ.

ನಮ್ಮ ಕಡೆ ಒಬ್ಬನೇ ಮನುಷ್ಯನಿಗೆ ಎಷ್ಟು ಹೆಸರುಗಳಿರುತ್ತವೆ ಎಂಬುದನ್ನು ನೋಡಿ. ಶಾಲೆಯ ದಾಖಲೆಯಲ್ಲಿ ಹೆಸರು ಮತ್ತು ತಂದೆಯ ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಷಿಯಲ್, ಪಡಿತರ ಚೀಟಿಯಲ್ಲಿ ಅಡ್ಡಹೆಸರು, ಆಧಾರಿನಲ್ಲಿ ಆ ದಿನ ಯಂತ್ರದ ಮುಂದೆ ಕುಳಿತವನಿಗೆ ತೋಚಿದ ಕಾಗುಣಿತ. ಶರಣಪ್ಪ ಎಂದು ಕನ್ನಡದಲ್ಲಿ ಬರೆದರೆ ಗೊಂದಲವಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನು ನಾಲ್ಕು ರೀತಿಯಲ್ಲಿ ಬರೆಯಬಹುದು, ಮತ್ತು ನನ್ನ ದಾಖಲೆಗಳಲ್ಲಿ ಮೂರು ರೀತಿಗಳು ಇದ್ದವು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗೆ ಅವಕಾಶವಿಲ್ಲದ ಕಾರಣ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ. ಹಾಗೆ ಬಿಡಿಸಿದಾಗ ಅಡ್ಡಹೆಸರಿನ ಜಾಗದಲ್ಲಿ ಏನನ್ನು ತುಂಬುತ್ತೀರೋ ಅದೇ ನಿಮ್ಮನ್ನು ಕೊನೆಯವರೆಗೂ ಹಿಂಬಾಲಿಸುತ್ತದೆ. ನಾನು ತಂದೆಯವರ ಹೆಸರನ್ನು ತುಂಬಿದೆ. ಈಗ ಇಲ್ಲಿನ ಅಂಚೆಯವನಿಂದ ಹಿಡಿದು ವೈದ್ಯರವರೆಗೆ ಎಲ್ಲರೂ ನನ್ನನ್ನು ನಮ್ಮಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಅಪ್ಪನಿಗೆ ಇದರಿಂದ ಬಹಳ ಸಂತೋಷವಾಗಿದೆ, ಅದು ಬೇರೆ ಮಾತು.

ಅಡ್ಡಹೆಸರಿನ ಜಾಗವನ್ನು ಖಾಲಿ ಬಿಡುವ ತಪ್ಪನ್ನಂತೂ ಮಾಡಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂಬ ನಿಯಮವನ್ನು ಯುಎಇ 2022ರ ನವೆಂಬರ್‌ನಲ್ಲಿ ತಂದಿತು. ಅಮೆರಿಕದ ವೀಸಾದಲ್ಲಿ ಅಂಥವರ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು", ಅಂದರೆ ಮೊದಲ ಹೆಸರು ತಿಳಿಯದು, ಎಂದು ಅಚ್ಚಾಗುತ್ತದೆ. ಮಗಳ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲು ನೀವಿಬ್ಬರೂ ಕುಳಿತು ಮೂವರಿಗೂ ಒಂದೇ ಅಡ್ಡಹೆಸರು ಬರುವ ಹಾಗೆ ನೋಡಿಕೊಳ್ಳಿ.

ಇನ್ನು ದಿನಾಂಕ. ನಿಮ್ಮ ಮನೆಯವರ ಶಾಲಾ ದಾಖಲೆಯಲ್ಲಿ ಜೂನ್ 1 ಎಂದು ಇರಬಹುದು ಎಂದು ನನ್ನ ಊಹೆ. ನಮ್ಮ ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳು ಜೂನ್ 1ರಂದೇ ಹುಟ್ಟಿದ್ದರು, ಏಕೆಂದರೆ ದಾಖಲಾತಿಯ ದಿನ ಮೇಷ್ಟ್ರು ಕೇಳಿದಾಗ ಯಾರ ಮನೆಯಲ್ಲೂ ತಾರೀಖು ನೆನಪಿರಲಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ದಿನಾಂಕವನ್ನು ತಿದ್ದಿಸಲು ಸಾಮಾನ್ಯವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಆದ್ದರಿಂದ ಅದನ್ನು ಮುಟ್ಟದೆ, ಉಳಿದ ದಾಖಲೆಗಳನ್ನೇ ಅದಕ್ಕೆ ಹೊಂದಿಸುವುದು ಜಾಣತನ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಾಯಿಸಲು ಅವಕಾಶವಿರುವುದರಿಂದ ಆ ಒಂದು ಅವಕಾಶವನ್ನು ಅವಸರದಲ್ಲಿ ಕಳೆದುಕೊಳ್ಳಬೇಡಿ.

ಇದರ ಜೊತೆಗೆ ನಮ್ಮ ಭಾಗಕ್ಕೇ ಸೇರಿದ ಒಂದು ತೊಡಕಿದೆ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ನನ್ನಂಥವರ ಜನನ ಪ್ರಮಾಣಪತ್ರದಲ್ಲಿ ರಾಯಚೂರು ಜಿಲ್ಲೆ ಎಂದಿದ್ದು, ಪಾಸ್‌ಪೋರ್ಟಿನ ವಿಳಾಸದಲ್ಲಿ ಕೊಪ್ಪಳ ಎಂದಿರುತ್ತದೆ. ಹೊಸಪೇಟೆಯವರಿಗೆ 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಇದೇ ಕಥೆ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತವೇ 2014ರಲ್ಲಿ ಬದಲಾಗಿದೆ. ಇಲ್ಲಿನ ನೋಂದಣಿ ಕಚೇರಿಯ ಗುಮಾಸ್ತೆ ನನ್ನನ್ನು "ನೀವು ಎರಡು ಊರುಗಳಲ್ಲಿ ಹುಟ್ಟಿದ್ದೀರಾ?" ಎಂದು ಗಂಭೀರವಾಗಿಯೇ ಕೇಳಿದರು. ಜಿಲ್ಲೆ ವಿಭಜನೆಯ ಸರ್ಕಾರಿ ಅಧಿಸೂಚನೆಯ ಪ್ರತಿಯೊಂದನ್ನು ಕಡತದಲ್ಲಿ ಇಟ್ಟುಕೊಳ್ಳಿ. ಹಳೆಯ ಕೈಬರಹದ ಜನನ ಪ್ರಮಾಣಪತ್ರದ ಬದಲು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುವ ಗಣಕೀಕೃತ ಪ್ರತಿಯನ್ನು ಪಡೆದುಕೊಳ್ಳಿ. ಕನ್ನಡದಿಂದ ಜರ್ಮನ್‌ಗೆ ಅನುವಾದಿಸುವ ಪ್ರಮಾಣಿತ ಅನುವಾದಕರು ಇಲ್ಲಿ ಬಹಳ ವಿರಳ, ಇಂಗ್ಲಿಷ್‌ನಿಂದ ಮಾಡುವವರು ಬೇಕಾದಷ್ಟಿದ್ದಾರೆ.

ಶಕ್ತಿನಗರದ ವೆಲ್ಡರ್:

ಇಂಜಿನಿಯರ್ ಸಾಹೇಬರಿಗೆ ಬೇಕಾದ್ದನ್ನು ಕುಷ್ಟಗಿಯ ಅಣ್ಣನವರು ಹೇಳಿದ್ದಾರೆ. ಆದರೆ ಈ ಚರ್ಚೆಯನ್ನು ಕೊಲ್ಲಿ ದೇಶಗಳಿಗೆ ಹೊರಟಿರುವ ಹುಡುಗರೂ ಓದುತ್ತಿರಬಹುದು ಎಂದು ನಾನು ಬರೆಯುತ್ತಿದ್ದೇನೆ. ನಾನು ಹನ್ನೊಂದು ವರ್ಷ ಮೂರು ದೇಶಗಳಲ್ಲಿ ಪೈಪ್ ವೆಲ್ಡಿಂಗ್ ಮಾಡಿ ಬಂದವನು. ಮೊದಲನೆಯ ಸಲ ಹೋದಾಗ ನನ್ನ ಕೈಗೆ ಬಂದದ್ದು ಪ್ರವಾಸಿ ವೀಸಾ. "ಅಲ್ಲಿಗೆ ಹೋದ ಮೇಲೆ ಕೆಲಸದ ವೀಸಾಕ್ಕೆ ಬದಲಾಯಿಸುತ್ತಾರೆ" ಎಂದು ಹೇಳಿ ಒಬ್ಬ ಏಜೆಂಟ್ ನಮ್ಮ ಮನೆಯ ಎರಡು ಎತ್ತು ಮಾರಿದ ದುಡ್ಡನ್ನು ತೆಗೆದುಕೊಂಡಿದ್ದ. ಎರಡು ತಿಂಗಳು ಒಂದು ಕೋಣೆಯಲ್ಲಿ ಹದಿನಾಲ್ಕು ಜನ ಇದ್ದು, ಬರಿಗೈಯಲ್ಲಿ ಹಿಂದಿರುಗಿದೆ.

ಆಗ ನನಗೆ ಗೊತ್ತಿರದಿದ್ದುದನ್ನು ಈಗ ಹೇಳುತ್ತೇನೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದ, ವರ್ಗಕ್ಕೆ ಸೇರುತ್ತದೆ. ಅಂಥವರು ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿದಂತೆ ಗೊತ್ತುಪಡಿಸಿದ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಕೇಂದ್ರ ಸರ್ಕಾರದ ವಲಸೆ ಅನುಮತಿ ಬೇಕು. ಅದು ಇ-ಮೈಗ್ರೇಟ್ ಜಾಲತಾಣದ ಮೂಲಕ ನಡೆಯುತ್ತದೆ. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದನ್ನು ಅದೇ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಕೂಡ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ, ಮತ್ತು ಪಡೆದದ್ದಕ್ಕೆ ರಸೀದಿ ಕೊಡಬೇಕು. ಈ ಮಿತಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಅವನ ಎದುರು ಕುಳಿತುಕೊಳ್ಳಿ. ಲಕ್ಷದ ಮಾತು ಬಂದ ಕೂಡಲೇ ಎದ್ದು ಬನ್ನಿ.

ಇಸಿಆರ್‌ನವರಿಗೆ ಪ್ರವಾಸಿ ಭಾರತೀಯ ವಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ತೆರಿಗೆ ಬೇರೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ ಪರಿಹಾರ. ವಿಮೆಯ ಕಾಗದದ ಒಂದು ಪ್ರತಿಯನ್ನು ಮನೆಯಲ್ಲಿ ಹೆಂಡತಿಯ ಅಥವಾ ತಾಯಿಯ ಕೈಯಲ್ಲಿ ಕೊಟ್ಟು ಹೋಗಿ. ನಮ್ಮ ಜೊತೆಗಿದ್ದ ಒಬ್ಬ ಹುಡುಗ ತೀರಿಹೋದಾಗ ಅವನ ಮನೆಯವರಿಗೆ ಅಂಥದ್ದೊಂದು ವಿಮೆ ಇತ್ತೆಂಬುದೇ ತಿಳಿದಿರಲಿಲ್ಲ. ನಾವು ಅವನ ಟ್ರಂಕ್ ತೆಗೆದಾಗ ಕಾಗದ ಸಿಕ್ಕಿತು.

ಕೊನೆಯದಾಗಿ ಗಸಗಸೆ. ನಮ್ಮ ಮನೆಗಳಲ್ಲಿ ಪಾಯಸಕ್ಕೆ ಹಾಕುವ ಇದೇ ಗಸಗಸೆ ಯುಎಇ, ಸೌದಿ, ಕತಾರ್‌ಗಳಲ್ಲಿ ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ತಾಯಿ ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆ ಪುಡಿಯಲ್ಲಿ ಅದು ಇದೆಯೇ ಎಂದು ಕೇಳಿಕೊಂಡೇ ಚೀಲಕ್ಕೆ ಹಾಕಿ. ಕೆಮ್ಮಿನ ಸಿರಪ್ ಮತ್ತು ನೋವಿನ ಮಾತ್ರೆಗಳಲ್ಲಿ ಕೊಡೀನ್, ಟ್ರಮಡಾಲ್ ಇದ್ದರೂ ಅದೇ ಗತಿ. ಯಾರೋ ಕೊಟ್ಟ ಪೊಟ್ಟಣವನ್ನು "ನನ್ನ ತಮ್ಮನಿಗೆ ತಲುಪಿಸಿಬಿಡು" ಎಂದರೆ, ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ.

ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ, ರಾಯಚೂರು:

ವೆಲ್ಡರ್ ಅವರ ಮಾತಿಗೆ ಒಂದನ್ನು ಸೇರಿಸುತ್ತೇನೆ. 2024ರಲ್ಲಿ ನಮ್ಮ ಭಾಗದ ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಲುಕಿಕೊಂಡ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸವೆಂದು ಕರೆದೊಯ್ದು ಮ್ಯಾನ್ಮಾರ್, ಕಾಂಬೋಡಿಯಾಗಳ ಸೈಬರ್ ವಂಚನೆಯ ಕೂಟಗಳಲ್ಲಿ ಕೂಡಿಹಾಕುವ ಬಗ್ಗೆಯೂ ಸರ್ಕಾರ ಎಚ್ಚರಿಕೆ ನೀಡಿದೆ. ಕಷ್ಟದಲ್ಲಿರುವವರು ದೂರು ದಾಖಲಿಸಲು ವಿದೇಶಾಂಗ ಸಚಿವಾಲಯದ "ಮದದ್" ಜಾಲತಾಣವಿದೆ.

ಈಗ ನನ್ನ ಕ್ಷೇತ್ರದ ವಿಷಯ. ಕೆಲಸಕ್ಕಾಗಿ ದೇಶ ಬಿಟ್ಟವರನ್ನು ವಿದೇಶಿ ವಿನಿಮಯ ನಿಯಮಗಳು ಹೊರಟ ದಿನದಿಂದಲೇ ಅನಿವಾಸಿ ಎಂದು ಪರಿಗಣಿಸುತ್ತವೆ. ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ, ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಹತ್ತು ವರ್ಷ ಅಮೆರಿಕದಲ್ಲಿದ್ದೂ ಊರಿನ ಶಾಖೆಯಲ್ಲಿ ರೈತ ಎಂದೇ ದಾಖಲಾಗಿದ್ದ ಗ್ರಾಹಕರನ್ನು ನಾನು ನೋಡಿದ್ದೇನೆ. ಯಾವುದೋ ಒಂದು ದಿನ ಕೆವೈಸಿ ನವೀಕರಣದ ಸಂದರ್ಭದಲ್ಲಿ ಖಾತೆ ಸ್ಥಗಿತವಾಗಿ, ತಾಯಿಯ ಆಸ್ಪತ್ರೆ ಖರ್ಚಿಗೆ ಹಣ ತೆಗೆಯಲು ಆಗದೆ ಪರದಾಡಿದರು. ಊರಿನ ಆದಾಯ, ಬಾಡಿಗೆ ಇತ್ಯಾದಿ ಎನ್‌ಆರ್‌ಒ ಖಾತೆಗೆ ಬರುತ್ತದೆ ಮತ್ತು ಅದರ ಬಡ್ಡಿಯ ಮೇಲೆ ಶೇಕಡಾ 30ರ ದರದಲ್ಲಿ ಹಾಗೂ ಅದರ ಮೇಲಿನ ಸೆಸ್ ಸೇರಿ ಮೂಲದಲ್ಲೇ ತೆರಿಗೆ ಕಡಿತವಾಗುತ್ತದೆ. ವಿದೇಶದಲ್ಲಿ ಗಳಿಸಿದ ಹಣವನ್ನು ಎನ್‌ಆರ್‌ಇ ಖಾತೆಗೆ ಕಳಿಸಿದರೆ ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಹಾಗೂ ಹಣವನ್ನು ಬೇಕಾದಾಗ ಮರಳಿ ಒಯ್ಯಬಹುದು. ಎರಡೂ ಖಾತೆಗಳನ್ನು ಹೊರಡುವ ಮೊದಲೇ ನಿಮ್ಮ ಶಾಖೆಯಲ್ಲಿ ಮಾತನಾಡಿ ಸಿದ್ಧಪಡಿಸಿಕೊಳ್ಳಿ, ತಂದೆಯವರು ಊರಿನ ಪಾವತಿಗಳನ್ನು ಮಾಡಲು ಅನುಕೂಲವಾಗುವಂತೆ ಮ್ಯಾಂಡೇಟ್ ಪತ್ರವನ್ನೂ ಕೊಟ್ಟುಹೋಗಿ.

ಆದಾಯ ತೆರಿಗೆಯ ಲೆಕ್ಕ ಬೇರೆ. ಅದಕ್ಕೆ ಏಪ್ರಿಲ್ 1ರಿಂದ ಆರಂಭವಾಗುವ ವರ್ಷದಲ್ಲಿ ನೀವು ಭಾರತದಲ್ಲಿ ಎಷ್ಟು ದಿನ ಇದ್ದಿರಿ ಎಂಬುದು ಮುಖ್ಯ. ಕೆಲಸಕ್ಕಾಗಿ ಹೋಗುವವರು 182 ದಿನ ತುಂಬುವ ಮೊದಲು, ಅಂದರೆ ಸರಿಸುಮಾರು ಸೆಪ್ಟೆಂಬರ್ ಮುಗಿಯುವುದರೊಳಗೆ ಹೊರಟರೆ ಆ ವರ್ಷ ತೆರಿಗೆಯ ದೃಷ್ಟಿಯಿಂದಲೂ ಅನಿವಾಸಿಯಾಗುತ್ತಾರೆ. ನಿಮ್ಮ ಮನೆಯವರು ಆಗಸ್ಟ್‌ನಲ್ಲಿ ಹೊರಡಬೇಕೋ ಅಕ್ಟೋಬರ್‌ನಲ್ಲೋ ಎಂಬ ಆಯ್ಕೆ ಇದ್ದರೆ ಇದನ್ನು ಗಮನಿಸಿ.

ಒಟಿಪಿ ಬರುವ ಮೊಬೈಲ್ ಸಂಖ್ಯೆಯನ್ನು ತಂದೆಯವರ ಕೈಯಲ್ಲಿ ಬಿಟ್ಟುಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಬಳ್ಳಾರಿಯ ಮಗಳು, ಈಗ ಲೀಡ್ಸ್:

ಮ್ಯಾನೇಜರ್ ಸರ್, ಉಳಿದದ್ದೆಲ್ಲ ಒಪ್ಪಿಗೆ, ಕೊನೆಯ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಿರಿಯರ ಕೈಯಲ್ಲಿ ಸಿಮ್ ಇದ್ದರೆ, ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಮಾಡುವವನಿಗೆ ಸಂಖ್ಯೆಯನ್ನು ಓದಿ ಹೇಳುವ ಅಪಾಯವೇ ಹೆಚ್ಚು. ನಮ್ಮ ಮಾವನವರಿಗೆ ಹಾಗೆಯೇ ಆಯಿತು. ಸಿಮ್ಮನ್ನು ಜೊತೆಯಲ್ಲೇ ಒಯ್ಯಿರಿ, ಹೊರಡುವ ಮೊದಲು ಅಂತರರಾಷ್ಟ್ರೀಯ ರೋಮಿಂಗ್ ಚಾಲನೆ ಮಾಡಿಸಿ, ಒಟಿಪಿ ಸಂದೇಶ ಬರುವಷ್ಟಕ್ಕೆ ರೀಚಾರ್ಜ್ ಮಾಡುತ್ತಿರಿ. 90 ದಿನ ಬಳಕೆಯಿಲ್ಲದೆ ಬಿಟ್ಟ ಸಂಖ್ಯೆ ಕೈತಪ್ಪಿ ಬೇರೆಯವರ ಪಾಲಾಗಬಹುದು. ಆಮೇಲೆ ಆಧಾರ್, ಪ್ಯಾನ್, ಬ್ಯಾಂಕ್ ಎಲ್ಲಕ್ಕೂ ಬೀಗ ಬಿದ್ದಂತೆಯೇ. ವಿದೇಶಿ ಮೊಬೈಲ್ ಸಂಖ್ಯೆಯ ಮೇಲೆ ಯುಪಿಐ ನಡೆಸಲು 2023ರಲ್ಲಿ ಹತ್ತು ದೇಶಗಳಿಗೆ ಅವಕಾಶ ಕೊಟ್ಟರು. ಬ್ರಿಟನ್ ಆ ಪಟ್ಟಿಯಲ್ಲಿತ್ತು, ಜರ್ಮನಿ ಇರಲಿಲ್ಲ.

ಎಂಜಿನಿಯರ್ ಅವರೇ, ನೀವು ಕೇಳದೇ ಇದ್ದರೂ ಒಬ್ಬ ತಾಯಿಯಾಗಿ ಹೇಳುತ್ತೇನೆ. ಮಗಳ ತಾಯಿ ಕಾರ್ಡನ್ನು ಹುಡುಕಿ ಇಟ್ಟುಕೊಳ್ಳಿ. ಆಶಾ ಕಾರ್ಯಕರ್ತೆಯರು ತುಂಬಿಕೊಟ್ಟ ಆ ಕಾರ್ಡನ್ನು ನಾವು ಮಗು ಶಾಲೆಗೆ ಸೇರಿದ ಮೇಲೆ ಕಪಾಟಿನ ಮೂಲೆಗೆ ಎಸೆದುಬಿಡುತ್ತೇವೆ. ಲಸಿಕೆಯ ದಾಖಲೆಯೇ ಇಲ್ಲದೆ ನನ್ನ ಮಗ ಇಲ್ಲಿ ಎಲ್ಲ ಚುಚ್ಚುಮದ್ದುಗಳನ್ನೂ ಮತ್ತೆ ಚುಚ್ಚಿಸಿಕೊಂಡ.

ಕುಷ್ಟಗಿಯವ, ಈಗ ಸ್ಟುಟ್‌ಗಾರ್ಟ್:

ಅಕ್ಕನವರು ಹೇಳಿದ್ದು ಜರ್ಮನಿಯಲ್ಲಿ ಕಾನೂನೇ ಆಗಿದೆ. 2020ರ ಮಾರ್ಚ್‌ನಿಂದ ಶಾಲೆಗೆ ಮತ್ತು ಶಿಶುವಿಹಾರಕ್ಕೆ ಸೇರುವ ಮಕ್ಕಳು ದಡಾರದ ವಿರುದ್ಧ ರಕ್ಷಣೆ ಇದೆಯೆಂದು, ಸಾಮಾನ್ಯವಾಗಿ ಎರಡು ಡೋಸ್ ಲಸಿಕೆಯ ದಾಖಲೆಯ ಮೂಲಕ, ತೋರಿಸಲೇಬೇಕು. ಆಸ್ಪತ್ರೆಯ ಸಿಬ್ಬಂದಿಗೂ ಇದು ಅನ್ವಯಿಸುವುದರಿಂದ ನಿಮ್ಮ ಮನೆಯವರೂ ಸಿದ್ಧರಾಗಿರಬೇಕು. ನಮ್ಮ ತಾಯಿ ಕಾರ್ಡಿನಲ್ಲಿ ಒಂಬತ್ತು ತಿಂಗಳಿಗೆ ಮತ್ತು ಒಂದೂವರೆ ವರ್ಷದ ಸುಮಾರಿಗೆ ಹಾಕುವ ಎಂಆರ್ ಲಸಿಕೆ ಇದೇ. ದಿನಾಂಕ ಮತ್ತು ಮೊಹರು ಸ್ಪಷ್ಟವಾಗಿರುವ ಇಂಗ್ಲಿಷ್ ಪ್ರಮಾಣಪತ್ರವೊಂದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಬರೆಸಿಕೊಳ್ಳಿ.

ನರ್ಸಿಂಗ್ ಅರ್ಹತೆಗೆ ಮಾನ್ಯತೆ ನೀಡುವ ಇಲ್ಲಿನ ಪ್ರಾಧಿಕಾರಗಳು ಪದವಿ ಪ್ರಮಾಣಪತ್ರಕ್ಕೆ ತೃಪ್ತಿಪಡುವುದಿಲ್ಲ. ಯಾವ ವಿಷಯದಲ್ಲಿ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡಿನ ಕೆಲಸ ಎಂಬ ವಿವರವನ್ನು ಕೇಳುತ್ತಾರೆ. ಕಾಲೇಜಿನ ಮೊಹರಿನೊಂದಿಗೆ ಆ ವಿವರಗಳನ್ನು ಮತ್ತು ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಪತ್ರವನ್ನು ಊರಿನಲ್ಲಿದ್ದಾಗಲೇ ತೆಗೆದುಕೊಳ್ಳಬೇಕು, ಏಕೆಂದರೆ ಕಾಲೇಜಿನ ಗುಮಾಸ್ತರ ಎದುರು ನಿಂತು ಕೇಳಿದರೆ ಸಿಗುವ ಕಾಗದ ಇಮೇಲ್‌ನಲ್ಲಿ ಕೇಳಿದರೆ ಸಿಗುವುದಿಲ್ಲ. ಪೂರ್ಣ ಮಾನ್ಯತೆ ದೊರೆಯುವವರೆಗೆ ಸಹಾಯಕಿಯ ಹುದ್ದೆ ಮತ್ತು ಕಡಿಮೆ ಸಂಬಳ ಇರುತ್ತದೆ. ಒಪ್ಪಂದದಲ್ಲಿ "ಇಷ್ಟು ವರ್ಷದೊಳಗೆ ಬಿಟ್ಟರೆ ಖರ್ಚನ್ನು ಮರಳಿಸಬೇಕು" ಎಂಬ ಷರತ್ತು ಇದೆಯೇ ಎಂದು ಸಹಿ ಹಾಕುವ ಮೊದಲು ಓದಿಸಿಕೊಳ್ಳಿ.

ಒಂದು ದೇಶದ ಕಾಗದಪತ್ರ ಬೇರೆ ದೇಶದಲ್ಲೂ ನಡೆಯುವಂತೆ ಅಂತರರಾಷ್ಟ್ರೀಯ ಒಪ್ಪಂದದಡಿ ಹಾಕುವ ಅಪೋಸ್ಟಿಲ್ ಮುದ್ರೆಯ ವಿಷಯದಲ್ಲೂ ಎಚ್ಚರ ಬೇಕು. ಭಾರತ ಆ ಒಪ್ಪಂದವನ್ನು 2005ರಲ್ಲಿ ಸೇರಿದಾಗ ಆಕ್ಷೇಪ ಸಲ್ಲಿಸಿದ ದೇಶಗಳಲ್ಲಿ ಜರ್ಮನಿಯೂ ಒಂದು. ಯಾವ ಕಾಗದಕ್ಕೆ ಯಾವ ಮುದ್ರೆ ಬೇಕು ಎಂಬುದನ್ನು ಅದನ್ನು ಸ್ವೀಕರಿಸುವ ಕಚೇರಿಯಿಂದಲೇ ಲಿಖಿತವಾಗಿ ಕೇಳಿ ತಿಳಿದುಕೊಂಡ ನಂತರವಷ್ಟೇ ಮಧ್ಯವರ್ತಿಗಳಿಗೆ ಹಣ ಕೊಡಿ.

ಕಾರಟಗಿಯ ಎಂಜಿನಿಯರ್:

ಎಲ್ಲರಿಗೂ ಧನ್ಯವಾದಗಳು. ಕುಷ್ಟಗಿಯ ಅಣ್ಣನವರು ಊಹಿಸಿದಂತೆಯೇ ಇದೆ. ಹೆಂಡತಿಯ ಅಂಕಪಟ್ಟಿಯಲ್ಲಿ ಜೂನ್ 1, ಆಧಾರ್‌ನಲ್ಲಿ ಜುಲೈ 22, ಅತ್ತೆಯವರ ಪ್ರಕಾರ ನಾಗರ ಪಂಚಮಿಯ ಮರುದಿನ. ಪಾಸ್‌ಪೋರ್ಟಿನಲ್ಲಿ ಅಂಕಪಟ್ಟಿಯ ದಿನಾಂಕವೇ ಇರುವುದು ಸಮಾಧಾನ. ಇನ್ನೆರಡು ಪ್ರಶ್ನೆಗಳಿವೆ. ನಮ್ಮ ಮದುವೆ ಮಠದ ಸಾಮೂಹಿಕ ವಿವಾಹದಲ್ಲಿ ಆದದ್ದು, ಮಠದವರು ಕೊಟ್ಟ ಪತ್ರ ಮಾತ್ರ ಇದೆ. ಅದು ಸಾಕೇ? ಗದ್ದೆ ಮತ್ತು ನಿವೇಶನದ ವಿಷಯವಾಗಿ ಏನು ಮಾಡಬೇಕು? ಆರೇಳು ವರ್ಷ ದುಡಿದು ಪಕ್ಕದ ಎರಡು ಎಕರೆ ಕೊಳ್ಳುವ ಆಸೆ ತಂದೆಯವರಿಗಿದೆ.

ಸಿಂಧನೂರಿನ ದಸ್ತಾವೇಜು ಬರಹಗಾರ:

ಮಠದ ಪತ್ರ ಸಾಕಾಗುವುದಿಲ್ಲ. ಆ ಪತ್ರ, ಲಗ್ನಪತ್ರಿಕೆ, ಫೋಟೋ ಮತ್ತು ಸಾಕ್ಷಿದಾರರೊಂದಿಗೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮದುವೆಯನ್ನು ನೋಂದಾಯಿಸಿಕೊಳ್ಳಿ. ಮನೆಯವರು ವಿಮಾನ ಹತ್ತುವ ಮೊದಲೇ ಇದು ಆಗಬೇಕು, ಏಕೆಂದರೆ ಇಬ್ಬರೂ ಹಾಜರಿರಬೇಕಾಗುತ್ತದೆ. ಆರು ತಿಂಗಳ ನಂತರ ಕುಟುಂಬ ವೀಸಾಕ್ಕೆ ನೀವು ಅರ್ಜಿ ಹಾಕುವಾಗ ಮೊದಲು ಕೇಳುವ ಕಾಗದವೇ ಅದು.

ಗದ್ದೆಯ ವಿಷಯದಲ್ಲಿ ತಂದೆಯವರ ಆಸೆಗೆ ಒಂದು ಅಡ್ಡಿ ಇದೆ, ಬೇಸರಿಸಿಕೊಳ್ಳಬೇಡಿ. ಅನಿವಾಸಿ ಭಾರತೀಯರು ಭಾರತದಲ್ಲಿ ಮನೆ, ನಿವೇಶನ, ಅಂಗಡಿ ಕೊಳ್ಳಬಹುದು. ಆದರೆ ಕೃಷಿ ಭೂಮಿ, ತೋಟ ಮತ್ತು ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಮೊದಲಿನಿಂದ ಇದ್ದ ಭೂಮಿಯನ್ನು ಉಳಿಸಿಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದುದನ್ನು ಪಡೆಯಬಹುದು. ಆದ್ದರಿಂದ ಪಕ್ಕದ ಎರಡು ಎಕರೆಯನ್ನು ಕೊಳ್ಳುವುದಾದರೆ ತಂದೆಯವರ ಹೆಸರಿನಲ್ಲಿ ಕೊಳ್ಳಬೇಕು, ಹಣ ಬಂದ ದಾರಿಗೆ ಬ್ಯಾಂಕಿನ ದಾಖಲೆಯೂ ಇರಬೇಕು. ಹಾಗೆ ಕೊಂಡದ್ದು ಮುಂದೆ ಅಣ್ಣತಮ್ಮಂದಿರ ನಡುವೆ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನೂ ಈಗಲೇ ಬಾಯಿಬಿಟ್ಟು ಮಾತನಾಡಿಕೊಳ್ಳಿ. ನನ್ನ ಕಚೇರಿಗೆ ಬರುವ ಜಗಳಗಳಲ್ಲಿ ಅರ್ಧದಷ್ಟು "ದುಡ್ಡು ಕಳಿಸಿದವನು ನಾನು" ಎಂಬ ಒಂದೇ ಮಾತಿನಿಂದ ಆರಂಭವಾಗುತ್ತವೆ.

ಅಜ್ಜನ ಹೆಸರಿನಲ್ಲಿರುವ ಪಹಣಿಯನ್ನು ಪೌತಿ ಖಾತೆ ಮಾಡಿಸುವುದು, ಅಂದರೆ ವಾರಸುದಾರರ ಹೆಸರಿಗೆ ಬದಲಾಯಿಸುವುದು, ನಿಮ್ಮ ಮೊದಲ ಕೆಲಸವಾಗಲಿ. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ವಾರಸುದಾರರೆಲ್ಲರ ಒಪ್ಪಿಗೆ ಬೇಕು. ನಿಮ್ಮ ಸೋದರತ್ತೆಯವರೂ ವಾರಸುದಾರರೇ ಎಂಬುದನ್ನು ಮರೆಯಬೇಡಿ. ತಂದೆಯವರ ತಲೆಮಾರಿನವರೆಲ್ಲ ಬದುಕಿರುವಾಗ ಐದಾರು ಸಹಿಗಳಲ್ಲಿ ಮುಗಿಯುವ ಕೆಲಸ, ಇನ್ನು ಇಪ್ಪತ್ತು ವರ್ಷ ಬಿಟ್ಟರೆ ಮೂರು ದೇಶಗಳಲ್ಲಿ ಹಂಚಿಹೋದ ಇಪ್ಪತ್ತೈದು ಸಹಿಗಳನ್ನು ಬೇಡುತ್ತದೆ. ಖಾತೆಯಾದ ಮೇಲೆ ಪಹಣಿಗೆ ಆಧಾರ್ ಜೋಡಿಸಿ. ತಂದೆಯವರಿಗೆ ಆಗದ ಕಾಲಕ್ಕೆ ಗದ್ದೆಯನ್ನು ಲಾವಣಿಗೆ ಕೊಡುವ ಯೋಚನೆ ಇದ್ದರೆ ಒಂದು ಮಾತು. ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ 1974ರಿಂದ ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆಯಲ್ಲಿ ನಿರ್ಬಂಧವಿದ್ದು, ಊರಲ್ಲಿ ನಡೆಯುವ ಲಾವಣಿಯೆಲ್ಲ ಬಾಯಿಮಾತಿನ ನಂಬಿಕೆಯ ಮೇಲೆ ನಡೆಯುತ್ತಿದೆ. ಯಾರಿಗೆ ಕೊಡುತ್ತೀರಿ ಎಂಬುದನ್ನು ನೋಡಿ ಕೊಡಿ.

ನಿವೇಶನಕ್ಕೆ ಇ-ಖಾತಾ ಆಗಿದೆಯೇ ನೋಡಿಕೊಳ್ಳಿ. ನಂತರ ತಂದೆಯವರ ಅಥವಾ ತಮ್ಮನ ಹೆಸರಿಗೆ ಒಂದು ಅಧಿಕಾರ ಪತ್ರವನ್ನು ಇಲ್ಲಿಯೇ ನೋಂದಾಯಿಸಿ ಹೋಗಿ. ಅದರಲ್ಲಿ ತೆರಿಗೆ ಕಟ್ಟುವುದು, ಕಚೇರಿಗಳಲ್ಲಿ ಅರ್ಜಿ ಸಲ್ಲಿಸುವುದು, ನ್ಯಾಯಾಲಯದಲ್ಲಿ ಪ್ರತಿನಿಧಿಸುವುದು ಎಂದು ಬೇಕಾದ ಕೆಲಸಗಳನ್ನಷ್ಟೇ ಬರೆಸಿ, "ಸಕಲ ಅಧಿಕಾರ" ಎಂಬ ಶಬ್ದವನ್ನು ಬರೆಸಬೇಡಿ. ವಿದೇಶಕ್ಕೆ ಹೋದ ಮೇಲೂ ಭಾರತೀಯ ರಾಯಭಾರ ಕಚೇರಿಯಲ್ಲಿ ಅಧಿಕಾರ ಪತ್ರ ಮಾಡಿಸಬಹುದು. ಆದರೆ ಆ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಂಚೆಯಲ್ಲಿ ಬಂದ ಪತ್ರವನ್ನು ದೇವರ ಗೂಡಿನಲ್ಲಿ ಭದ್ರವಾಗಿಟ್ಟು ನಾಲ್ಕನೆಯ ತಿಂಗಳು ನನ್ನ ಬಳಿ ತಂದವರಿದ್ದಾರೆ.

ಬಳ್ಳಾರಿಯ ಮಗಳು, ಈಗ ಲೀಡ್ಸ್:

ಚಳಿಯ ಬಟ್ಟೆಗಾಗಿ ಊರಿನಲ್ಲಿ ಹಣ ಸುರಿಯಬೇಡಿ. ನಾನು ಬೆಂಗಳೂರಿನಲ್ಲಿ ಕೊಂಡು ತಂದ ದಪ್ಪ ಜಾಕೆಟ್ ಇಲ್ಲಿನ ಗಾಳಿಗೆ ಮೊದಲ ವಾರದಲ್ಲೇ ಸೋತಿತು. ನಮ್ಮೂರಿನ ಜೀನ್ಸ್ ಬಗ್ಗೆ ನನಗೆ ಅಭಿಮಾನವಿದ್ದರೂ, ಹತ್ತಿಯ ಬಟ್ಟೆ ಹಿಮದಲ್ಲಿ ಒದ್ದೆಯಾದರೆ ಸಂಜೆಯವರೆಗೂ ಆರುವುದಿಲ್ಲ. ಒಂದು ಸಾಧಾರಣ ಸ್ವೆಟರ್‌ನಲ್ಲಿ ಇಳಿದು, ಉಳಿದದ್ದನ್ನು ಅಲ್ಲಿಯೇ ಕೊಳ್ಳಿ. ಡಿಸೆಂಬರ್‌ನಲ್ಲಿ ಇಲ್ಲಿ ಮಧ್ಯಾಹ್ನ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ. ಬಳ್ಳಾರಿಯ ಬಿಸಿಲನ್ನು ಬೈಯುತ್ತಾ ಬೆಳೆದ ನಾನು ಮೊದಲ ಚಳಿಗಾಲದಲ್ಲಿ ವೈದ್ಯರ ಸಲಹೆಯಂತೆ ವಿಟಮಿನ್ ಡಿ ಮಾತ್ರೆ ನುಂಗುವಂತಾಯಿತು.

ಕಾರಟಗಿಯ ಎಂಜಿನಿಯರ್:

ಹೆಂಡತಿಯ ಪ್ರಶ್ನೆಯೊಂದನ್ನು ಕೇಳಲೇಬೇಕಾಗಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪೇಡೆ, ತುಪ್ಪ ಇವುಗಳಲ್ಲಿ ಯಾವುದನ್ನು ಒಯ್ಯಬಹುದು? ಮನೆ ಬಾಡಿಗೆಗೆ ಎಷ್ಟು ಮುಂಗಡ ಇಟ್ಟುಕೊಂಡು ಹೋಗಬೇಕು?

ಕುಷ್ಟಗಿಯವ, ಈಗ ಸ್ಟುಟ್‌ಗಾರ್ಟ್:

ಪೇಡೆ ಮತ್ತು ತುಪ್ಪವನ್ನು ಊರಿನಲ್ಲೇ ತಿಂದು ಬನ್ನಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ತರುವಂತಿಲ್ಲ. ಮಾವಿನಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತಂದುಕೊಳ್ಳಿ. ಜೋಳದ ಹಿಟ್ಟು ಇಲ್ಲಿನ ಭಾರತೀಯ ಮತ್ತು ಆಫ್ರಿಕನ್ ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯ ಹಿಟ್ಟಾದ್ದರಿಂದ ಜಿಗಿ ಇರುವುದಿಲ್ಲ, ಕುದಿಯುವ ಎಸರು ಹಾಕಿ ನಾದಿಕೊಂಡರೆ ಒಂದು ಮಟ್ಟಿಗೆ ಬರುತ್ತದೆ. ರಾತ್ರಿ ಹತ್ತರ ನಂತರ ರೊಟ್ಟಿ ಬಡಿಯಬಾರದು ಎಂಬುದನ್ನು ಮಾತ್ರ ನೆನಪಿಡಿ. ಹತ್ತರಿಂದ ಬೆಳಗಿನ ಆರರವರೆಗೆ ಇಲ್ಲಿ ಸದ್ದು ಮಾಡಬಾರದ ಸಮಯ. ನಮ್ಮ ಕೆಳಮನೆಯ ಅಜ್ಜಿ ನಾವು ಗೋಡೆಗೆ ಏನು ಹೊಡೆಯುತ್ತಿದ್ದೇವೆ ಎಂದು ಕೇಳಲು ಮೆಟ್ಟಿಲು ಹತ್ತಿ ಬಂದಿದ್ದರು.

ಬಾಡಿಗೆಯಲ್ಲಿ ಎರಡು ಬಗೆ ಇವೆ. ಮನೆಯ ಬಾಡಿಗೆಯಷ್ಟೇ ಆದರೆ "ತಣ್ಣನೆಯ ಬಾಡಿಗೆ", ಬಿಸಿ ಮಾಡುವ ವ್ಯವಸ್ಥೆ, ನೀರು ಇತ್ಯಾದಿ ಸೇರಿದರೆ "ಬಿಸಿ ಬಾಡಿಗೆ". ಜಾಹೀರಾತಿನಲ್ಲಿ ಮೊದಲನೆಯದನ್ನು ನೋಡಿ ಹಿಗ್ಗಬೇಡಿ. ಮುಂಗಡವು ತಣ್ಣನೆಯ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಮೀರುವಂತಿಲ್ಲ, ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಅನೇಕ ಮನೆಗಳಲ್ಲಿ ಅಡುಗೆಮನೆಯ ಕಪಾಟು, ಒಲೆ, ಸಿಂಕ್ ಏನೂ ಇರುವುದಿಲ್ಲ, ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸವನ್ನು ನಗರಾಡಳಿತದಲ್ಲಿ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು. ತೆರಿಗೆ ಸಂಖ್ಯೆ ಬರುವುದು ಆ ನೋಂದಣಿಯ ನಂತರ, ಅಂಚೆಯ ಮೂಲಕ. ನಿಮ್ಮ ಹೆಸರನ್ನು ಅಂಚೆ ಪೆಟ್ಟಿಗೆಯ ಮೇಲೆ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಂಟಿಸಿ. ಇಲ್ಲಿ ಎಲ್ಲವೂ ಕಾಗದದ ಪತ್ರದಲ್ಲೇ ಬರುತ್ತದೆ, ಮತ್ತು ಬಂದ ಪತ್ರವನ್ನು ಅದೇ ದಿನ ಒಡೆಯಬೇಕು.

ಇನ್ನು ಮನೆಯವರ ಆರೋಗ್ಯ ವಿಮೆ ಸಾರ್ವಜನಿಕ ವಿಮೆಯಾಗಿದ್ದರೆ, ಗಳಿಕೆಯಿಲ್ಲದ ನೀವೂ ಮಗಳೂ ಅದರಲ್ಲೇ ಹೆಚ್ಚುವರಿ ಕಂತಿಲ್ಲದೆ ಸೇರಿಕೊಳ್ಳಬಹುದು. ನಿಮ್ಮ ವಾಹನ ಚಾಲನಾ ಪರವಾನಗಿ ನೀವು ಇಲ್ಲಿ ನೆಲೆಸಿದ ನಂತರ ಆರು ತಿಂಗಳಷ್ಟೇ ನಡೆಯುತ್ತದೆ, ಆಮೇಲೆ ಪರೀಕ್ಷೆ ಬರೆಯಬೇಕು.

ಕಾರಟಗಿಯ ಎಂಜಿನಿಯರ್:

ಇಂದು ತಾಲ್ಲೂಕು ಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಅರ್ಜಿ ಕೊಟ್ಟು ಬಂದೆ. ಸೋದರತ್ತೆಯವರು ಮಾನ್ವಿಯಲ್ಲಿದ್ದಾರೆ, ಭಾನುವಾರ ತಂದೆಯವರೇ ಹೋಗಿ ಮಾತನಾಡುವುದಾಗಿ ಹೇಳಿದ್ದಾರೆ. ಹೆಂಡತಿಯ ಆಧಾರ್ ತಿದ್ದುಪಡಿ ಮುಗಿಯಿತು. ಮದುವೆಯ ನೋಂದಣಿ ಮತ್ತು ಅಧಿಕಾರ ಪತ್ರ ಎರಡನ್ನೂ ಒಂದೇ ದಿನ ಮುಗಿಸಬಹುದೇ? ಬರುವಾಗ ಏನೇನು ತರಬೇಕು?

ಸಿಂಧನೂರಿನ ದಸ್ತಾವೇಜು ಬರಹಗಾರ:

ಎರಡಕ್ಕೂ ನಿಮ್ಮ ವ್ಯಾಪ್ತಿಯ ಉಪನೋಂದಣಿ ಕಚೇರಿಯಲ್ಲಿ ಮೊದಲೇ ಸಮಯ ಗೊತ್ತುಮಾಡಿಕೊಂಡರೆ ಒಂದೇ ದಿನದಲ್ಲಿ ಆಗಬಹುದು. ಸರ್ವರ್ ಕೈಕೊಟ್ಟರೆ ಮಾತ್ರ ಮರುದಿನ. ಮೂಲ ದಾಖಲೆಗಳು, ಅವುಗಳ ಎರಡೆರಡು ಪ್ರತಿಗಳು, ಫೋಟೋಗಳು ಇರಲಿ. ಹೆಸರುಗಳನ್ನು ಪಾಸ್‌ಪೋರ್ಟ್ ನೋಡಿ ಬರೆಸಿ, ಆಧಾರ್ ನೋಡಿ ಅಲ್ಲ. ಸಾಕ್ಷಿದಾರರನ್ನು ಕರೆತರುವಾಗ ಊರಿನಲ್ಲೇ ಇರುವವರನ್ನು ಆರಿಸಿಕೊಳ್ಳಿ. ಮುಂದೆಂದಾದರೂ ಪತ್ರದ ಬಗ್ಗೆ ವಿವಾದ ಬಂದರೆ ಸಹಿ ಗುರುತಿಸಬೇಕಾದವರು ಅವರು. ಹೋದ ವರ್ಷ ಒಬ್ಬರು ತಮ್ಮ ಜೊತೆಯಲ್ಲೇ ದುಬೈಗೆ ಹೊರಟಿದ್ದ ಗೆಳೆಯರಿಬ್ಬರಿಂದ ಸಾಕ್ಷಿ ಹಾಕಿಸಿಕೊಂಡು ಹೋದರು.